ಅನುಮಾನದ ಮೇಡಂ

ಮೇಡಂ ತೀರಿಕೊಂಡರು ಎಂಬ ಸುದ್ದಿ ಆಸ್ಪತ್ರೆಯ ವಾಟ್ಸಾಪ್ ಗುಂಪಿನಲ್ಲಿ ಬಂದಾಗ ನಾನು ಅಳಲಿಲ್ಲ. ಮೊದಲು ಸಂದೇಶ ಹಾಕಿದವರು ಯಾರು ಎಂದು ನೋಡಿದೆ. ಔಷಧಿ ಅಂಗಡಿಯವನು. ಅವನಿಗೆ ಫೋನ್ ಮಾಡಿ, ನಿನಗೆ ಯಾರು ಹೇಳಿದರು ಎಂದು ಕೇಳಿದೆ. ಮಸ್ಕಿ ಶಾಖೆಯಿಂದ ಗೊತ್ತಾಯಿತು ಎಂದ. ಮಸ್ಕಿಗೆ ಮಾಡಿದೆ. ಅವರೂ ಯಾರೋ ಹೇಳಿದ್ದನ್ನು ಕೇಳಿದವರೇ. ಕೊನೆಗೆ ಮೇಡಂ ಅವರ ತಮ್ಮನಿಗೇ ಮಾಡಿದೆ. ಆತ, "ಹೌದವ್ವ, ಮುಂಜಾನೆ ಹೋದ್ಲು. ನಾನ ಬಾಯಾಗ ನೀರು ಬಿಟ್ಟೀನಿ" ಎಂದ. ಕಣ್ಣಾರೆ ಕಂಡವನ ಬಾಯಿಂದ ಕೇಳಿದ ಮೇಲೆ ಅಳು ಬಂತು. ಅವರ ಜೊತೆ ಅಷ್ಟು ವರ್ಷ ಕೆಲಸ ಮಾಡಿದವಳಿಗೆ ಬೇರೆ ರೀತಿ ಅಳುವುದು ಗೊತ್ತಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸಂಬಳದ ಚೀಟಿಯಿಂದ ಹಿಡಿದು ಆಧಾರ್ ಕಾರ್ಡಿನ ತನಕ ಎಲ್ಲ ಕಡೆ ಇದ್ದ ಹೆಸರು ಅವರ ಪ್ರಕಾರ ಅವರದ್ದೇ ಅಲ್ಲ. ಮಸ್ಕಿಯ ಶಾಲೆಗೆ ಸೇರಿಸುವಾಗ ಅವರಪ್ಪ ಒಂದು ಹೆಸರು ಹೇಳಿದ್ದರಂತೆ. ಬೌದ್ಧರ ಮನೆ, ಅಪ್ಪ ಆಸೆಪಟ್ಟು ಹುಡುಕಿ ಇಟ್ಟ ಹೆಸರು. ಮಾಸ್ತರು ಅಪ್ಪನ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ, ನಿಮ್ಮ ಓಣಿಯ ಹುಡುಗಿಗೆ ಇಷ್ಟು ದೊಡ್ಡ ಹೆಸರು ಯಾಕೆ ಎಂದು ತಾವೇ ಒಂದು ಸಣ್ಣ ಹೆಸರು ಬರೆದುಕೊಂಡರು. ಹುಟ್ಟಿದ ದಿನವನ್ನೂ ಅವರೇ ಬರೆದುಕೊಂಡರು. "ನನ್ನ ಮೊದಲನೇ ದಾಖಲೇನ ಸುಳ್ಳು ಐತಿ, ತಂಗಿ. ಉಳಿದಿದ್ದೆಲ್ಲಾ ಅದರ ನಕಲು" ಎಂದು ಒಮ್ಮೆ ಹೇಳಿದ್ದರು. ಅಪ್ಪ ಇಟ್ಟ ಹೆಸರು ಯಾವುದು ಎಂಬುದನ್ನೂ ಹೇಳಿದ್ದರು. ನನ್ನನ್ನು ನಂಬಿ ಹೇಳಿದ್ದು, ಹಾಗಾಗಿ ಅದನ್ನೂ ಬರೆಯಲಾರೆ.

ನಾನು ಲ್ಯಾಬಿನವಳು. ಸಿಂಧನೂರಿನ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ರಕ್ತ, ಮೂತ್ರದ ಪರೀಕ್ಷೆ ಮಾಡುತ್ತೇನೆ. ಅದೇ ಟ್ರಸ್ಟಿಗೆ ಮಸ್ಕಿಯಲ್ಲೊಂದು, ಲಿಂಗಸುಗೂರಿನಲ್ಲೊಂದು ಚಿಕ್ಕ ಆಸ್ಪತ್ರೆ ಇದೆ. ಮೂರೂ ಕಡೆಯ ರೋಗಿಗಳ ದಾಖಲೆಗಳಿಗೆ ಮೇಡಂ ಮುಖ್ಯಸ್ಥೆ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವರು, ಮಾತಿನಲ್ಲಿ ಮಾತ್ರ ಮಸ್ಕಿಯ ಓಣಿಯನ್ನು ಬಿಟ್ಟುಕೊಟ್ಟವರಲ್ಲ. ದಿನಾ ಬೆಳಿಗ್ಗೆ ಅಲ್ಲಿಂದ ಬಸ್ಸಿಗೆ ಬರುತ್ತಿದ್ದರು. ಆ ಬಸ್ಸು ಹತ್ತುವುದೇ ಒಂದು ತನಿಖೆ. ಬೋರ್ಡಿನಲ್ಲಿ ಸಿಂಧನೂರು ಎಂದು ದಪ್ಪಗೆ ಬರೆದಿದ್ದರೂ ಕಂಡಕ್ಟರನ್ನು ಕೇಳಬೇಕು. ಕಂಡಕ್ಟರು ಹೌದೆಂದರೂ ಒಳಗೆ ಕೂತ ಯಾರಾದರೂ ಮುದುಕಿಯನ್ನು ಕೇಳಬೇಕು. ಬೋರ್ಡು ಬದಲಿಸುವುದನ್ನು ಡ್ರೈವರು ಮರೆತಿರಬಹುದು, ಸೀಟು ತುಂಬಿಸುವ ಆಸೆಗೆ ಕಂಡಕ್ಟರು ಸುಳ್ಳು ಹೇಳಬಹುದು, ತಾನು ಎಲ್ಲಿ ಇಳಿಯಬೇಕು ಎಂಬುದು ಮುದುಕಿಗೆ ಮಾತ್ರ ಸರಿಯಾಗಿ ಗೊತ್ತಿರುತ್ತದೆ ಎನ್ನುವುದು ಅವರ ಲೆಕ್ಕಾಚಾರ. ಮುದುಕಿ ಹೂಂ ಅಂದ ಮೇಲೆ ಹತ್ತುತ್ತಿದ್ದರು.

ಸಿಂಧನೂರಿನಂಥ ಅಕ್ಕಿ ಗಿರಣಿಯ ಊರಿನಲ್ಲಿ ಅಕ್ಕಿ ಕೊಳ್ಳಲು ಹೋದರೆ, ಅಂಗಡಿಯವನು ಮೇಲಿನಿಂದ ತೋರಿಸಿದ ಹಿಡಿಯನ್ನು ನೋಡುತ್ತಲೇ ಇರಲಿಲ್ಲ. ಸೆರಗು ಸಿಕ್ಕಿಸಿ, ಮೊಣಕೈ ತನಕ ಚೀಲದೊಳಗೆ ಕೈ ಇಳಿಸಿ ತಳದ ಅಕ್ಕಿಯನ್ನು ಮೇಲೆ ತರುತ್ತಿದ್ದರು. ಕ್ಯಾಂಟೀನಿನಲ್ಲಿ ಚಹಾ ಕುಡಿಯುವ ಮೊದಲು ಹಾಲು ಯಾವಾಗಿನದು ಎಂದು ಕೇಳುತ್ತಿದ್ದರು. ತಮ್ಮ ಕೋಣೆಗೆ ಬೀಗ ಹಾಕಿ ಜಗ್ಗಿ ನೋಡಿ, ಮೆಟ್ಟಿಲು ಇಳಿದು ಹೋಗಿ, ಮತ್ತೆ ಹತ್ತಿ ಬಂದು ಜಗ್ಗಿ ನೋಡುತ್ತಿದ್ದರು. ವಾರ್ಡಿನ ಹುಡುಗಿಯರು ಅವರಿಗೆ ಅನುಮಾನದ ಮೇಡಂ ಎಂದು ಹೆಸರಿಟ್ಟಿದ್ದರು. ಇದು ಅವರ ಕಿವಿಗೂ ಬಿದ್ದಿತ್ತು. ಸಿಟ್ಟು ಮಾಡಿಕೊಳ್ಳಲಿಲ್ಲ. ನನಗೆ ಇಲ್ಲಿಯ ತನಕ ಮಂದಿ ಇಟ್ಟ ಹೆಸರುಗಳಲ್ಲಿ ಇದೊಂದು ಸರಿಯಾಗಿದೆ ಎಂದರು.

ಒಮ್ಮೆ ನಾನು ಚೇಷ್ಟೆಗೆ, ನಿಮ್ಮೂರಿನ ಬಂಡೆಯ ಮೇಲೆ ಶಾಸನ ಇದೆಯಲ್ಲ, ಅದನ್ನಾದರೂ ನಂಬುತ್ತೀರಾ ಎಂದು ಕೇಳಿದೆ. ಮೇಡಂ ಗಂಭೀರವಾಗಿ ಯೋಚಿಸಿದರು. ಹೇಳಿಸಿದವನು ರಾಜ ಇರಬಹುದು, ಕೆತ್ತಿದವನು ಯಾರೋ ಕೂಲಿಯವನು, ಅವನು ಹೇಳಿದ್ದನ್ನೇ ಕೆತ್ತಿದನೋ ಇಲ್ಲವೋ ನೋಡಲು ನಾನು ಅಲ್ಲಿರಲಿಲ್ಲ ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ನನ್ನ ಲ್ಯಾಬಿಗೂ ಬರುತ್ತಿದ್ದರು. ಈ ರಕ್ತ ಇವರದ್ದೇ ಎಂದು ನಿನಗೆ ಹೇಗೆ ಗೊತ್ತು ಎಂದು ಮೊದಲ ದಿನವೇ ಕೇಳಿದರು. ನಳಿಕೆಯ ಮೇಲಿನ ಚೀಟಿ ತೋರಿಸಿದೆ. ಚೀಟಿ ಅಂಟಿಸಿದವರು ಯಾರು? ನರ್ಸು. ನರ್ಸು ರೋಗಿಯ ಹೆಸರನ್ನು ಕೇಳಿದಳೋ, ಅಥವಾ ತಾನೇ ಹೆಸರು ಓದಿ ಹೌದಲ್ಲವಾ ಅಂದಳೋ? ಅಲ್ಲಿಂದ ನೇರ ವಾರ್ಡಿಗೆ ಹೋದರು. "ನಮ್ಮ ಮಂದಿ ದವಾಖಾನಿಯಾಗ ಎಲ್ಲಾದಕ್ಕೂ ಹೂಂ ಅಂತಾರ. ಹೆಸರು ಹೇಳಬ್ಯಾಡ್ರಿ, ಹೇಳಸ್ರಿ" ಎಂದು ನರ್ಸುಗಳಿಗೆ ಪಾಠ ಮಾಡಿದರು. ನನಗೆ ಆಗ ಸಿಕ್ಕಾಪಟ್ಟೆ ರೇಗಿತ್ತು. ಮರುದಿನದಿಂದ ನಾನೂ ನಳಿಕೆ ಕೈಗೆ ಬಂದಾಗಲೆಲ್ಲ ಒಂದು ಸಲ ನರ್ಸಿನ ಮುಖ ನೋಡತೊಡಗಿದೆ. ಅನುಮಾನ ಅಂಟುರೋಗ.

ಇಂಥವರ ತಲೆಯ ಮೇಲೆ ಒಂದು ದಿನ ಎಐ ಬಂದು ಕೂತಿತು. ಟ್ರಸ್ಟಿನ ಕಾರ್ಯದರ್ಶಿ ಎಲ್ಲರನ್ನೂ ಕರೆದು, ಹೈದರಾಬಾದಿನ ಒಂದು ಕಂಪನಿ ಜೊತೆ ಮಾತಾಗಿದೆ ಎಂದರು. ಮೂರೂ ಊರಿನ ಹಳೆಯ ಕಾಗದಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕು. ಆಮೇಲೆ ರೋಗಿ ಬಂದು ಕೂತ ಕೂಡಲೇ ಯಂತ್ರವೇ ಅವನ ಹಳೆಯ ಕಾಗದಗಳನ್ನೆಲ್ಲ ಓದಿ, ಇವನಿಗೆ ಹಿಂದೆ ಏನಾಗಿತ್ತು, ಏನು ಕೊಟ್ಟಿದ್ದರು ಎಂದು ಡಾಕ್ಟರಿಗೆ ನಾಲ್ಕು ಸಾಲಿನಲ್ಲಿ ಹೇಳುತ್ತದೆ. ಡಾಕ್ಟರುಗಳು ಚಪ್ಪಾಳೆ ತಟ್ಟಿದರು. ಮೇಡಂ ಕೈ ಎತ್ತಿ, ಕಾಗದವೇ ಸುಳ್ಳು ಹೇಳಿದರೆ ಯಂತ್ರ ಏನು ಹೇಳುತ್ತದೆ ಎಂದು ಕೇಳಿದರು. ಕಾರ್ಯದರ್ಶಿ ಅದಕ್ಕೇ ನೀವಿದ್ದೀರಲ್ಲ ಎಂದು ನಕ್ಕು ಮುಂದಕ್ಕೆ ಹೋದರು.

ಮೇಡಂ ನಿವೃತ್ತಿಗೆ ಹತ್ತಿರ ಬಂದಿದ್ದರು. ಈ ಕೆಲಸ ಚೆನ್ನಾಗಿ ಮುಗಿದರೆ ನಿವೃತ್ತಿಯ ನಂತರವೂ ಮೂರೂ ಊರಿಗೆ ಅವರನ್ನೇ ಇದರ ಮುಖ್ಯಸ್ಥೆಯಾಗಿ ಉಳಿಸಿಕೊಳ್ಳುತ್ತೇವೆ ಎಂದು ಟ್ರಸ್ಟ್ ಹೇಳಿತ್ತು. ಅವರಿಗೆ ಅದು ಬೇಕಿತ್ತು. ಯಾವುದನ್ನೂ ಬಾಯಿಬಿಟ್ಟು ಬಯಸದವರು ಇದನ್ನು ಮಾತ್ರ ನನ್ನೆದುರು ಬಾಯಿಬಿಟ್ಟು ಹೇಳಿದ್ದರು. ಯಂತ್ರ ಬರುವುದು ತಪ್ಪುವುದಿಲ್ಲ, ಬಂದ ಮೇಲೆ ಅದರ ಪಕ್ಕದಲ್ಲಿ ಅನುಮಾನ ಪಡುವವರು ಒಬ್ಬರಾದರೂ ಕೂತಿರಬೇಕು, ಇಲ್ಲದಿದ್ದರೆ ಊರಿಗೆ ಊರೇ ತಪ್ಪು ಔಷಧಿ ಕುಡಿಯುತ್ತದೆ ಎನ್ನುತ್ತಿದ್ದರು.

ಕೆಲಸ ಶುರುವಾದಾಗ ನನ್ನನ್ನೂ ಅರ್ಧ ದಿನ ಅವರ ಜೊತೆ ಹಾಕಿದರು, ಹಳೆಯ ಲ್ಯಾಬ್ ವರದಿಗಳನ್ನು ಓದಿ ಹೇಳಲು. ಕಂಪನಿಯಿಂದ ಬಂದವನು ತೆಲುಗು ಬೆರೆತ ಕನ್ನಡ ಮಾತಾಡುವ, ಒಳ್ಳೆಯ ಸ್ವಭಾವದ ಎಂಜಿನಿಯರ್. ಡೇಟಾ ಕ್ಲೀನ್ ಆಗಬೇಕು ಮೇಡಂ ಎಂಬುದು ಅವನ ಮಂತ್ರ. ಮೊದಲ ವಾರವೇ ಅವನಿಗೆ ತಲೆ ತಿರುಗಿತು. ಮಸ್ಕಿ, ಲಿಂಗಸುಗೂರು, ಸಿಂಧನೂರು ಮೂರೂ ಕಡೆ ರೋಗಿಗಳಿಗೆ ಒಂದರಿಂದಲೇ ಸಂಖ್ಯೆ ಕೊಡುತ್ತಾ ಬಂದಿದ್ದರಿಂದ ಒಂದೇ ಸಂಖ್ಯೆಗೆ ಮೂರು ಮಂದಿ. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಹೆಣ್ಣುಮಗಳು ಅಪ್ಪನ ಹೆಸರಿನಲ್ಲಿ ಒಬ್ಬಳು, ಎರಡನೆಯದಕ್ಕೆ ಗಂಡನ ಹೆಸರಿನಲ್ಲಿ ಇನ್ನೊಬ್ಬಳು. ಆಂಧ್ರದಿಂದ ಬಂದು ಕಾಲುವೆ ಕಡೆಯ ಕ್ಯಾಂಪುಗಳಲ್ಲಿ ನೆಲೆಸಿದವರದ್ದು ಮನೆತನದ ಹೆಸರು ಮುಂದೆ, ಊರಿನವರದ್ದು ಹಿಂದೆ. ಅರ್ಧ ತಾಲೂಕು ಜೂನ್ ಒಂದರಂದು ಹುಟ್ಟಿದೆ, ಯಾಕೆಂದರೆ ಶಾಲೆಯ ಮಾಸ್ತರುಗಳಿಗೆ ಆ ತಾರೀಖು ಅನುಕೂಲ. ಬಿ.ಪಿ. ಕಾಲಮಿನಲ್ಲಿ ಪುಟಗಟ್ಟಲೆ ನೂರಿಪ್ಪತ್ತು ಎಂಬತ್ತು. ಬಿ.ಪಿ. ನೋಡಲು ಪುರುಸೊತ್ತಿಲ್ಲದ ವಾರ್ಡಿನವರು ಎಲ್ಲರಿಗೂ ಅದನ್ನೇ ಬರೆದು ಕೈ ತೊಳೆದುಕೊಂಡಿದ್ದರು. "ಸಿಂಧನೂರಿನಾಗ ಯಾರಿಗೂ ಬಿ.ಪಿ. ಇಲ್ಲಂತ ತಿಳ್ಕೊಂತೈತಿ ನಿಮ್ಮ ಮಷೀನು" ಎಂದು ಮೇಡಂ ಹೇಳಿದಾಗ ಎಂಜಿನಿಯರ್ ನಗಲೋ ಅಳಲೋ ತಿಳಿಯದೆ ನನ್ನ ಕಡೆ ನೋಡಿದ.

ಮೇಡಂ ಅವನಲ್ಲಿ ಒಂದೇ ಒಂದು ಕೇಳಿದರು. ದಾಖಲೆ ಏರಿಸುವಾಗ ಪ್ರತಿ ಸಾಲಿಗೂ ಒತ್ತಬೇಕಾದ ಹೌದು, ಇಲ್ಲ ಎಂಬ ಎರಡು ಗುಂಡಿಗಳ ಪಕ್ಕದಲ್ಲಿ ಮೂರನೆಯದೊಂದು ಬೇಕು: ಖಾತ್ರಿಯಿಲ್ಲ. ಹಳೆಯ ಕಾಗದದಿಂದ ಬಂದ ಯಾವ ಮಾತನ್ನು ರೋಗಿಯ ಮೈ ನೋಡಿ ಖಚಿತ ಮಾಡಿಕೊಂಡಿಲ್ಲವೋ ಅದರ ಮುಂದೆ ಈ ಗುರುತು ಇರಬೇಕು, ಡಾಕ್ಟರಿಗೆ ಅದು ಕಾಣಬೇಕು. ಎಂಜಿನಿಯರ್ ವಿನಯದಿಂದಲೇ ಒಪ್ಪಲಿಲ್ಲ. ಹಾಗೆ ಗುರುತು ಹಾಕಲು ಹೊರಟರೆ ಗುರುತಿಲ್ಲದ ಒಂದು ಸಾಲೂ ಉಳಿಯುವುದಿಲ್ಲ, ಡಾಕ್ಟರು ಯಂತ್ರವನ್ನೇ ನಂಬುವುದಿಲ್ಲ ಎಂದ. ನಂಬಬಾರದು ಅಂತಲೇ ಹೇಳುತ್ತಿದ್ದೇನೆ ಎಂದರು ಇವರು. ವಿಷಯ ಕಾರ್ಯದರ್ಶಿಯ ತನಕ ಹೋಯಿತು. ಅವರು ಕಂಪನಿಯ ಪರವಾಗಿ ತೀರ್ಪು ಕೊಟ್ಟರು.

ಅದಾದ ಮೇಲೆ ಮೇಡಂ ಭಾನುವಾರಗಳಂದು ಫೈಲುಗಳನ್ನು ಚೀಲಕ್ಕೆ ಹಾಕಿಕೊಂಡು ಎಲ್ಲಿಗೋ ಹೋಗತೊಡಗಿದರು. ಯಾವ ಫೈಲೂ ಕೋಣೆಯಿಂದ ಹೊರಗೆ ಹೋಗಬಾರದು ಎಂದು ನಿಯಮ ಬರೆದು ಗೋಡೆಗೆ ಅಂಟಿಸಿದವರು ಅವರೇ. ರೋಗಿಗಳ ಮಾಹಿತಿಗೆ ಈಗ ಬೆಲೆ ಇದೆ, ಮೇಡಂ ಇನ್ನೊಂದು ಕಂಪನಿಗೆ ಕೊಡುತ್ತಿದ್ದಾರೆ ಎಂದು ಕ್ಯಾಂಟೀನಿನಲ್ಲಿ ಗುಸುಗುಸು ಎದ್ದಿತು. ನನಗೂ ಹುಳ ಹೊಕ್ಕಿತು. ಒಂದು ಶನಿವಾರ ಬೀಗ ಜಗ್ಗುತ್ತಿದ್ದವರನ್ನು ನಿಲ್ಲಿಸಿ ನೇರವಾಗಿ ಕೇಳಿಯೇ ಬಿಟ್ಟೆ. ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಮೆಚ್ಚುಗೆ ಇದ್ದಂತಿತ್ತು. ನಾಳೆ ನೀನೂ ಬಾ, ಕಣ್ಣಾರೆ ನೋಡು ಎಂದರು.

ಹೋದದ್ದು ಸಾಲಗುಂದಕ್ಕೆ. ಇನ್ನೊಂದು ಭಾನುವಾರ ಸಂತೆಕಲ್ಲೂರಿಗೆ. ಫೈಲಿನಲ್ಲಿದ್ದ ಹೆಂಗಸರ ಮನೆ ಹುಡುಕಿ, ಅವ್ವಾ, ನಿನಗೆ ಇಂಥ ಆಪರೇಷನ್ ಆಗಿದ್ದು ಖರೆಯಾ ಎಂದು ಕೇಳುವುದು ಅವರ ಉದ್ದೇಶ. ಟ್ರಸ್ಟ್ ಕೊಡದ ಮೂರನೆಯ ಗುಂಡಿಯನ್ನು ತಾವೇ ಕಾಲಿನಿಂದ ಒತ್ತಲು ಹೊರಟಿದ್ದರು. ಆದರೆ ಇಸ್ತ್ರಿ ಸೀರೆ, ಕನ್ನಡಕ, ಕಂಕುಳಲ್ಲಿ ಫೈಲು ಇಟ್ಟುಕೊಂಡು ಪ್ರಶ್ನೆ ಕೇಳುವ ಹೆಂಗಸು ಓಣಿಗೆ ಬಂದರೆ ಜನ ಏನೆಂದು ತಿಳಿಯಬೇಕು? ರೇಷನ್ ಕಾರ್ಡು ರದ್ದು ಮಾಡಲು ಬಂದವರು ಎಂದೇ ತಿಳಿದರು. ಕೇಳಿದ್ದಕ್ಕೆಲ್ಲ ಹೂಂ ಅಂದರು. ಗರ್ಭಕೋಶ ತೆಗೆದಿದ್ದಾರಾ? ಹೂಂ. ತೆಗೆದಿಲ್ಲವಾ? ಹೂಂ. ಸಾಲಗುಂದದ ಒಬ್ಬ ಮುದುಕ ಒಳಗಿನಿಂದ ಕಾರ್ಡು ತಂದು ಮೇಡಂ ಕಾಲ ಹತ್ತಿರ ಇಟ್ಟು, ಇದರ ಮೇಲೇ ನಮ್ಮ ಅನ್ನ ಐತ್ರಿ ಎಂದು ಕೈಮುಗಿದ. ಮೇಡಂ ಗಾಬರಿಯಿಂದ ಬಗ್ಗಿ ಆ ಕಾರ್ಡನ್ನು ಎತ್ತಿ ಅವನ ಕೈಯಲ್ಲಿಟ್ಟರು. ಹಿಂದಿರುಗುವಾಗ ಆಟೊದಲ್ಲಿ ಫೈಲುಗಳನ್ನು ಚೀಲದೊಳಗೆ ತಳ್ಳಿದರು. ಆಮೇಲೆ, "ನನ್ನ ಮುಖ ನೋಡಿದ್ರ ಮಂದಿ ಖರೆ ಹೇಳಂಗಿಲ್ಲ, ತಂಗಿ" ಎಂದರು. ಅವತ್ತು ಅವರ ಬಗ್ಗೆ ನನಗೆ ಮೊದಲ ಸಲ ಕನಿಕರ ಹುಟ್ಟಿತು.

ಜನ ಹೆದರಲು ಕಾರಣ ಇತ್ತು, ಅದು ಮೇಡಂಗೂ ಗೊತ್ತಿತ್ತು. ಈ ಕಡೆ ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಕಾರ್ಡಿನಿಂದ ಇಳಿದು ಗಂಡನ ಮನೆಯ ಕಾರ್ಡಿಗೆ ಏರಲು ವರ್ಷಗಟ್ಟಲೆ ಹಿಡಿಯುತ್ತದೆ. ಅಷ್ಟರೊಳಗೆ ಅವಳಿಗೆ ಕಾಯಿಲೆಯಾದರೆ? ಆಪರೇಷನ್ ಪುಕ್ಕಟೆ ಆಗಬೇಕಾದರೆ ಕಾರ್ಡಿನಲ್ಲಿ ಹೆಸರಿರಬೇಕು. ಆಗೆಲ್ಲ ಕಾರ್ಡಿನ ಫೋಟೊವನ್ನು ಯಾರೂ ಕಣ್ಣಿಟ್ಟು ನೋಡುತ್ತಿರಲಿಲ್ಲ. ಮನೆಯ ಹಿರಿಸೊಸೆಯ ಹೆಸರು ಹೇಳಿ ಕಿರಿಸೊಸೆಯನ್ನು ಮಲಗಿಸುತ್ತಿದ್ದರು. ಮೋಸ ಎಂದು ಯಾರಿಗೂ ಅನಿಸಿರಲಿಲ್ಲ. ಜ್ವರ ಬಂದವಳಿಗೆ ಮನೆಯಲ್ಲಿದ್ದ ಕಂಬಳಿ ಹೊದಿಸಿದ ಹಾಗೆ, ಮನೆಯಲ್ಲಿದ್ದ ಹೆಸರನ್ನೂ ಹೊದಿಸಿದ್ದರು. ಆದರೆ ಇದು ಈಗ ಹೊರಬಿದ್ದರೆ ಕಾರ್ಡು ಹೋಗುತ್ತದೆ, ಮನೆಯವರ ಮೇಲೆ ಕೇಸೂ ಬೀಳಬಹುದು. ನಮ್ಮ ಟ್ರಸ್ಟ್ ತನ್ನ ಚರ್ಮ ಉಳಿಸಿಕೊಳ್ಳಲು ಮೊದಲು ಅವರತ್ತಲೇ ಬೆರಳು ತೋರಿಸುತ್ತದೆ ಎಂಬುದರಲ್ಲಿ ನಮ್ಮಿಬ್ಬರಿಗೂ ಅನುಮಾನ ಇರಲಿಲ್ಲ.

ಯಂತ್ರವನ್ನು ಪರೀಕ್ಷೆಗೆ ಹಚ್ಚಿದ ವಾರವೇ ಅಂಥದ್ದೊಂದು ಫೈಲು ಎದುರಿಗೆ ಬಂತು. ಬೆಳಿಗ್ಗೆ ಸಂತೆಕಲ್ಲೂರಿನ ಹುಲಿಗೆಮ್ಮ ಎಂಬ ಹೆಣ್ಣುಮಗಳು ಹೊಟ್ಟೆ ಹಿಡಿದುಕೊಂಡು ಗಂಡನ ಜೊತೆ ಬಂದಳು. ಬಲಗಡೆ ಕೆಳಹೊಟ್ಟೆ ನೋವು, ವಾಂತಿ. ಹೊಸದಾಗಿ ಸೇರಿದ ಡಾಕ್ಟರು ಕಂಪ್ಯೂಟರಿನ ಪರದೆ ನೋಡಿದರು. ಅಪೆಂಡಿಕ್ಸ್ ಆಪರೇಷನ್ ಹಿಂದೆಯೇ ನಮ್ಮ ಲಿಂಗಸುಗೂರು ಶಾಖೆಯಲ್ಲಿ ಆಗಿದೆ ಎಂದು ಯಂತ್ರ ಹೇಳಿತು. ಡಾಕ್ಟರು ಕೇಳಿದ್ದಕ್ಕೆ ಹುಲಿಗೆಮ್ಮನೂ ಹೂಂ ಅಂದಳು. ಕಲೆ ತೋರಿಸು ಅಂದಾಗ ನಾಚಿಕೆಯಿಂದ ಸೀರೆ ಬಿಗಿ ಹಿಡಿದಳು. ಹೊರಗೆ ದೊಡ್ಡ ಸರತಿ. ಅವರು ಅಷ್ಟಕ್ಕೇ ಬಿಟ್ಟು, ಮೂತ್ರನಾಳದಲ್ಲಿ ಕಲ್ಲಿರಬೇಕು ಎಂದು ನೋವಿನ ಇಂಜೆಕ್ಷನ್ ಬರೆದು, ಮರುದಿನ ಬರುವ ಸ್ಕ್ಯಾನಿಂಗ್ ಡಾಕ್ಟರಿಗೆ ತೋರಿಸಿ ಎಂದು ವಾರ್ಡಿಗೆ ಕಳಿಸಿದರು. ಇದರಲ್ಲಿ ಡಾಕ್ಟರದ್ದು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಯಂತ್ರವೂ ಹೇಳಿತು, ರೋಗಿಯೂ ಹೇಳಿದಳು.

ಅವಳ ರಕ್ತ ನನ್ನ ಹತ್ತಿರ ಬಂತು. ಬಿಳಿ ಕಣ ವಿಪರೀತ ಏರಿದ್ದವು, ಮೂತ್ರದಲ್ಲಿ ಕಲ್ಲಿನ ಸುಳಿವೇ ಇಲ್ಲ. ರಕ್ತದ ಗುಂಪು ಓ. ಮೇಡಂ ಆ ವಾರ ಯಂತ್ರ ಹೇಳಿದ್ದನ್ನು ಹಳೆಯ ಫೈಲುಗಳ ಜೊತೆ ತಾಳೆ ನೋಡುತ್ತಾ ಕೂತಿದ್ದರು. ಹುಲಿಗೆಮ್ಮನ ಲಿಂಗಸುಗೂರಿನ ಫೈಲು ಹಿಡಿದುಕೊಂಡೇ ಲ್ಯಾಬಿಗೆ ಬಂದರು. ಅದರಲ್ಲಿ ರಕ್ತದ ಗುಂಪು ಬಿ ಎಂದಿತ್ತು. ನಾನು ಇನ್ನೊಂದು ಸಲ ಪರೀಕ್ಷೆ ಮಾಡಿದೆ. ಓ. ಮೇಡಂ ಡಾಕ್ಟರ ಹತ್ತಿರ ಓಡಿದರು. ಅವರು, ಹಳೆಯ ಲ್ಯಾಬಿನವರದ್ದೋ ಈಗಿನವರದ್ದೋ ಯಾವುದೋ ಒಂದು ತಪ್ಪಿರಬೇಕು, ರೋಗಿಯೇ ಆಪರೇಷನ್ ಆಗಿದೆ ಎನ್ನುತ್ತಿದ್ದಾಳೆ, ಅವಳ ಬಾಯಿಂದ ಬೇರೆ ಮಾತು ಬಂದರೆ ಈಗಲೇ ಸರ್ಜನ್‌ರನ್ನು ಕರೆಸುತ್ತೇನೆ ಎಂದರು.

ನಾವಿಬ್ಬರು ಹೆಂಗಸರು ವಾರ್ಡಿಗೆ ಹೋಗಿ ಪರದೆ ಎಳೆದೆವು. ಹುಲಿಗೆಮ್ಮ ಮೇಡಂ ಅವರನ್ನು ಕಂಡದ್ದೇ ತಡ, ನೋವನ್ನೂ ಮರೆತು ಎದ್ದು ಕೂರಲು ನೋಡಿದಳು. ಕಾರ್ಡು ರದ್ದು ಮಾಡಲು ತನ್ನ ಓಣಿಗೆ ಬಂದಿದ್ದ ಮೇಡಂ ಇವರೇ ಎಂದು ಗುರುತು ಹಿಡಿದಿದ್ದಳು. ಮೇಡಂ ಎಷ್ಟು ಮೆತ್ತಗೆ ಕೇಳಿದರೂ ಆಪರೇಷನ್ ಆಗೈತ್ರಿ ಎನ್ನುವುದೊಂದೇ ಮಾತು. ಸೀರೆ ಹಿಡಿದ ಮುಷ್ಟಿ ಬಿಡಲಿಲ್ಲ. ಹಣೆಯ ಮೇಲೆ ಬೆವರು ಹನಿಗಟ್ಟುತ್ತಿತ್ತು. ಇವಳು ಸಾಯುತ್ತಾಳೆ, ಮೇಡಂಗೆ ಹೆದರಿಯೇ ಸಾಯುತ್ತಾಳೆ ಎಂದು ನನಗೆ ಅನಿಸಿತು. ಮೇಡಂಗೂ ಅದೇ ಅನಿಸಿರಬೇಕು. ಯಾವತ್ತೂ ರೋಗಿಯ ಮಂಚ ಮುಟ್ಟದವರು ಅದರ ಅಂಚಿನಲ್ಲಿ ಕೂತು ಅವಳ ಮುಷ್ಟಿಯ ಮೇಲೆ ಕೈ ಇಟ್ಟರು.

"ಹುಲಿಗೆಮ್ಮ, ಆ ಆಪರೇಷನ್ ನಿಂದಲ್ಲ. ಬರಿಯೋವಾಗ ನಾನ ತಪ್ಪೀನಿ. ಬ್ಯಾರೇದಾಕಿ ಫೈಲಿನ ಮ್ಯಾಲೆ ನಿನ್ನ ಹೆಸರು ಬರದೀನಿ. ತಪ್ಪು ನಂದು, ನಿಮ್ಮ ಮನಿಯವ್ರದ್ದಲ್ಲ. ಹಂಗಂತ ಬರದು ಸಹಿ ಮಾಡ್ತೀನಿ. ನಿಮ್ಮ ಕಾರ್ಡಿಗೆ ಏನೂ ಆಗಂಗಿಲ್ಲ."

ಆ ಫೈಲು ಹುಟ್ಟಿದಾಗ ಮೇಡಂ ನಮ್ಮ ಟ್ರಸ್ಟಿಗೆ ಇನ್ನೂ ಸೇರಿಯೇ ಇರಲಿಲ್ಲ. ಕಲಬುರಗಿಯಲ್ಲಿ ಬೇರೆ ಆಸ್ಪತ್ರೆಯಲ್ಲಿದ್ದರು. ಅದು ನನಗೆ ಗೊತ್ತಿತ್ತು, ಹುಲಿಗೆಮ್ಮನಿಗೆ ಹೇಗೆ ಗೊತ್ತಿರಬೇಕು? ಅವಳು ಮೇಡಂ ಮುಖವನ್ನು ಬಹಳ ಹೊತ್ತು ನೋಡಿದಳು. "ನಮ್ಮ ನೆಗೆಣ್ಣಿದ್ರೀ ಅದು. ಹೊಸದಾಗಿ ಗಂಡನ ಮನಿಗೆ ನಡಿಯಾಕ ಬಂದಿದ್ಲು. ಆಕಿ ಹೆಸರು ಇನ್ನಾ ತವರುಮನಿ ಕಾರ್ಡಿನಾಗ ಇತ್ತು" ಎಂದು ಗೋಡೆಯ ಕಡೆ ಮುಖ ತಿರುಗಿಸಿದಳು. ಗಂಡನ ತಮ್ಮನ ಹೆಂಡತಿಯ ಆಪರೇಷನ್ನನ್ನು ಅಷ್ಟು ವರ್ಷ ತನ್ನ ಹೆಸರಿನಲ್ಲಿ ಹೊತ್ತಿದ್ದವಳು ಮುಷ್ಟಿ ಸಡಿಲಿಸಿದಳು. ಹೊಟ್ಟೆಯ ಮೇಲೆ ಒಂದು ಗೀರೂ ಇರಲಿಲ್ಲ. ಸರ್ಜನ್ ಬಂದರು, ಮಧ್ಯಾಹ್ನವೇ ಆಪರೇಷನ್ ಆಯಿತು. ಇನ್ನು ಸ್ವಲ್ಪ ತಡವಾಗಿದ್ದರೆ ಒಳಗೇ ಒಡೆಯುತ್ತಿತ್ತು ಎಂದು ಅವರು ಕೈ ತೊಳೆಯುತ್ತಾ ಹೇಳಿದರು.

ಸಂಜೆ ಮೇಡಂ ಕಂಪ್ಯೂಟರಿನಲ್ಲಿ ತಿದ್ದುಪಡಿ ಮಾಡಿದರು. ತಪ್ಪಿಗೆ ಕಾರಣ ಏನು ಎಂದು ಅದು ಕೇಳುತ್ತದೆ. ರೋಗಿ ಕೊಟ್ಟ ತಪ್ಪು ಮಾಹಿತಿ ಎಂಬುದೂ ಅಲ್ಲಿತ್ತು. ಅವರು ಸಿಬ್ಬಂದಿಯ ತಪ್ಪು ಎಂಬುದನ್ನು ಒತ್ತಿ, ತಮ್ಮ ಹೆಸರು ಬರೆದರು. ಜೀವಮಾನವಿಡೀ ಬೇರೆಯವರ ಸುಳ್ಳು ಹುಡುಕಿದವರು ತಮ್ಮ ಕೈಯಾರೆ ಒಂದು ಸುಳ್ಳು ಬರೆಯುವುದನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ. ನನಗೆ ಹೆಮ್ಮೆಯೂ ಆಯಿತು, ಹೆದರಿಕೆಯೂ ಆಯಿತು.

ಸಹಜವಾಗಿಯೇ ವಿಚಾರಣೆ ನಡೆಯಿತು. ಕಾರ್ಯದರ್ಶಿ, ಒಬ್ಬ ಹಿರಿಯ ಡಾಕ್ಟರು, ಎಂಜಿನಿಯರ್ ಕೂತರು. ಲ್ಯಾಬಿನ ಪರವಾಗಿ ನನ್ನನ್ನೂ ಕರೆದಿದ್ದರು. ಫೈಲು ಮೇಜಿನ ಮೇಲೇ ಇತ್ತು. ಮೇಲಿನ ಹಾಳೆಯಲ್ಲಿ ಲಿಂಗಸುಗೂರಿನ ಮುದ್ರೆ, ತಾರೀಖು ಎರಡೂ ಕಣ್ಣಿಗೆ ಹೊಡೆಯುವಂತಿದ್ದವು. ಮೇಡಂ ಕೆಲಸಕ್ಕೆ ಸೇರಿದ ತಾರೀಖು ಕಂಪ್ಯೂಟರಿನಲ್ಲಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಅವರ ಸುಳ್ಳು ಬಯಲಾಗುತ್ತದೆ. ಆಮೇಲೆ ಖರೆ ಏನು ಎಂದು ಕೇಳುತ್ತಾರೆ, ಕಾರ್ಡಿನ ಕಥೆ ಹೊರಗೆ ಬರುತ್ತದೆ, ಹೊಲಿಗೆ ಬಿಚ್ಚದ ಹುಲಿಗೆಮ್ಮನ ಮನೆಗೆ ನೋಟಿಸು ಹೋಗುತ್ತದೆ. ಹಿರಿಯ ಡಾಕ್ಟರು ಹಾಳೆ ತಿರುವಿ ಪಕ್ಕದವರಿಗೆ ಕೊಟ್ಟರು. ಎಂಜಿನಿಯರ್ ಪರದೆಯ ಮೇಲಿನ ತಿದ್ದುಪಡಿ ಓದಿ ತಲೆಯಾಡಿಸಿದ. ಒಂದಕ್ಕೊಂದು ಹೊಂದದ ಮಾಹಿತಿ ಇದ್ದರೆ ಯಂತ್ರವೇ ಹಿಡಿಯುತ್ತದೆ ಎಂದು ಮೊದಲ ದಿನ ಹೇಳಿದವನು ಅವನೇ. ಯಂತ್ರವೂ ಸುಮ್ಮನಿತ್ತು. ಕಾರ್ಯದರ್ಶಿ, ಇಷ್ಟು ಅನುಮಾನ ಪಡುವವರೇ ಹೀಗೆ ಮಾಡಿದರೆ ಹೇಗೆ ಮೇಡಂ ಎಂದರು. ಮೇಡಂ ತಪ್ಪಾಯಿತು ಎಂದರು. ಸಭೆ ಮುಗಿಯಿತು.

ನಿವೃತ್ತಿಯ ನಂತರ ಉಳಿಸಿಕೊಳ್ಳುವ ಮಾತನ್ನು ಟ್ರಸ್ಟ್ ಹಿಂದಕ್ಕೆ ತೆಗೆದುಕೊಂಡಿತು. ಆ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಮೇಡಂ ಹೋದರು. ಮಾಲೆ ಹಾಕಿದವರೂ ಮುಖ ನೋಡಿ ಹಾಕಲಿಲ್ಲ, ತಪ್ಪು ಮಾಡಿ ಸಿಕ್ಕಿಬಿದ್ದವರು ಎಂಬಂತೆ ಹಾಕಿದರು. ನನಗೆ ಕೂಗಿ ಹೇಳಬೇಕು ಅನಿಸಿತ್ತು. ಹೇಳುವ ಹಾಗಿರಲಿಲ್ಲ.

ಕೆಲವು ತಿಂಗಳ ನಂತರ ಮಸ್ಕಿಯ ಅವರ ಮನೆಗೆ ಹೋದೆ. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಕುರ್ಚಿ ಹಾಕಿಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಹುಲಿಗೆಮ್ಮ ಚೆನ್ನಾಗಿದ್ದಾಳಾ ಎಂದು ಮೊದಲು ಕೇಳಿದರು. ಜೋಳದ ಕೊಯ್ಲಿಗೆ ಹೋಗುತ್ತಿದ್ದಾಳೆ ಎಂದೆ. ನೀನು ನೋಡಿದೆಯಾ, ಯಾರಾದರೂ ಹೇಳಿದರಾ ಎಂದರು. ನೋಡಿದೆ ಎಂದ ಮೇಲೆ ಸಮಾಧಾನವಾಯಿತು. ಆಮೇಲೆ ನಾನು ಎದೆಯಲ್ಲಿ ಇಟ್ಟುಕೊಂಡಿದ್ದನ್ನು ಕೇಳಿದೆ. ಯಾರಾದರೂ ಆ ತಾರೀಖು ನೋಡಿಬಿಟ್ಟಿದ್ದರೆ ಎಂಬ ಅಂಜಿಕೆ ನಿಮಗಿರಲಿಲ್ಲವಾ?

ಅವರು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು. "ಮೊದಲು ಯಾರೂ ನೋಡಬಾರದು ಅಂತ ಅಂಜಿಕಿ ಇತ್ತು. ಸಭಾ ಮುಗಿದ ಮ್ಯಾಲೆ ಬ್ಯಾರೇ ಅಂಜಿಕಿ ಹೊಕ್ಕತು. ಮೂರು ಮಂದಿ ಓದಿದವ್ರು, ಒಂದು ಮಷೀನು. ಯಾರೂ ನೋಡ್ಲಿಲ್ಲ, ತಂಗಿ." ಚಹಾ ಮಾಡಿಕೊಟ್ಟರು. ಬಸ್ ನಿಲ್ದಾಣದ ತನಕ ಬಂದು, ನನ್ನ ಪರವಾಗಿ ತಾವೇ ಬಸ್ಸಿನೊಳಗಿನ ಮುದುಕಿಯೊಬ್ಬಳನ್ನು ವಿಚಾರಿಸಿ ಹತ್ತಿಸಿದರು. ಅದೇ ಕೊನೆಯ ಭೇಟಿ.

ಸುದ್ದಿ ಖಾತ್ರಿಯಾದ ದಿನ ಮಸ್ಕಿಗೆ ಹೋದೆ. ಎಲ್ಲ ಮುಗಿದ ಮೇಲೆ ಅವರ ತಮ್ಮ ಅಂಗಳದಲ್ಲಿ ಕೂತು ಹೇಳಿದ. ನಸುಕಿನಲ್ಲಿ ಎದೆನೋವು ಬಂತಂತೆ. ನಮ್ಮ ಮಸ್ಕಿ ಶಾಖೆ ಅವರ ಮನೆಯಿಂದ ಎರಡು ಓಣಿ ದಾಟಿದರೆ ಸಿಗುತ್ತದೆ. ಆತ ಅಲ್ಲಿಗೇ ಒಯ್ಯಲು ಗಾಡಿ ತಂದಿದ್ದ. ಮೇಡಂ ಒಪ್ಪಲಿಲ್ಲ, ರಾಯಚೂರಿಗೆ ನಡಿ ಎಂದು ಹಟ ಹಿಡಿದರು. ರಾಯಚೂರು ಮುಟ್ಟಲಿಲ್ಲ. ನನಗೆ ಸತ್ತವರ ಮೇಲೆ ಸಿಟ್ಟು ಬಂತು. ಎರಡು ಓಣಿ ದಾಟಿದ್ದರೆ ಬದುಕುತ್ತಿದ್ದರೋ ಏನೋ. ಅಕ್ಕನ ಮಾತು ಕೇಳಿ ಯಾಕೆ ಸುಮ್ಮನಾದಿರಿ, ಎತ್ತಿಕೊಂಡಾದರೂ ಒಳಗೆ ಒಯ್ಯಬಾರದಿತ್ತಾ ಎಂದು ಆತನನ್ನು ಬೈದೇಬಿಟ್ಟೆ.

ಆತ ಟವೆಲಿನಿಂದ ಮುಖ ಒರೆಸಿಕೊಂಡ. "ಎಷ್ಟು ಬೇಡ್ಕೊಂಡೆವ್ವ. ಆಕಿ ನನ್ನ ಕೈ ಹಿಡದು, ಅವರ ಮಷೀನಿನಾಗ ನಾನ ಒಂದು ಸುಳ್ಳು ಬರದಿಟ್ಟು ಬಂದೀನಿ, ಅದನ್ನ ಇನ್ನಾ ಯಾರೂ ಹಿಡದಿಲ್ಲ, ಅಲ್ಲಿ ಒಯ್ಯಬ್ಯಾಡ ಅಂದ್ಲು."